ಬಾಣಂತನದ ಖರ್ಚು ಯಾರದು?

ಕೊಕ್ಕರೆ ಬೆಳ್ಳೂರಿಗೆ ಹಕ್ಕಿ ನೋಡಲು ಬಂದು ಹೋಗುವ ಮೈಸೂರು, ಮಂಡ್ಯ, ಬೆಂಗಳೂರಿನ ಎಲ್ಲರಿಗೂ, ಹಾಗೇ ನಮ್ಮ ಜಿಲ್ಲೆಯ ಆಡಳಿತ ನೋಡಿಕೊಳ್ಳುವ ಅಧಿಕಾರಿಗಳಿಗೂ,

ನಮಸ್ಕಾರ.

ನಾನು ಮದ್ದೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವನು. ಹಕ್ಕಿಗಳ ಬಗ್ಗೆ ಓದಿಕೊಂಡವನಲ್ಲ. ಉದ್ದ ಲೆನ್ಸಿನ ಕ್ಯಾಮೆರಾ ಕೂಡ ನನ್ನ ಹತ್ತಿರ ಇಲ್ಲ. ನಮ್ಮದೊಂದು ಏಳು ಜನರ ಗುಂಪಿದೆ. ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬ ಆಟೋ ಓಡಿಸುವವನು, ಮೈಸೂರಿನಲ್ಲಿ ಓದುವ ಇಬ್ಬರು ಹುಡುಗಿಯರು, ಒಬ್ಬ ಬೇಕರಿಯವನು, ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ನನ್ನ ಭಾವಮೈದ, ಆಮೇಲೆ ನಾನು. ಗುಂಪಿಗೆ ಹೆಸರಿಟ್ಟಿಲ್ಲ. ಹೆಸರಿಟ್ಟರೆ ಬೋರ್ಡ್ ಬರೆಸಬೇಕು, ಬೋರ್ಡಿಗೆ ದುಡ್ಡು ಬೇಕು. ನಾವು ಮಾಡುವುದು ಇಷ್ಟೇ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳಿಗೆ ಅಂತ ಚಂದಾ ಎತ್ತುತ್ತೇವೆ, ಅಲ್ಲಿನ ಹುಡುಗರು ಕರೆದಾಗ ಹೋಗಿ ಕೈಜೋಡಿಸುತ್ತೇವೆ.

ಆ ಊರಿನ ಬಗ್ಗೆ ಯಾರೇ ಬರೆದರೂ ಒಂದು ಮಾತು ಬಂದೇ ಬರುತ್ತದೆ. ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ. ಬರೆದವರ ಕಲ್ಪನೆ ಅಲ್ಲ ಇದು, ಊರಿನವರೇ ಹಾಗೆ ಅನ್ನುತ್ತಾರೆ. ಕೇಳಿದವರಿಗೆ ಕಣ್ಣು ತುಂಬಿ ಬರುತ್ತದೆ. ಆದರೆ ಬಾಣಂತನ ಮಾಡಿದ ಮನೆಯವರನ್ನು ಒಂದು ಸಲ ವಿಚಾರಿಸಿ ನೋಡಿ. ತುಪ್ಪ, ಖಾರದ ಸಾಮಾನು, ಹಂಡೆ ಕಾಯಿಸಲು ಸೌದೆ, ರಾತ್ರಿಯೆಲ್ಲ ನಿದ್ದೆಗೇಡು. ಮಗು ನೋಡಲು ಬಂದವರು ಎತ್ತಿ ಮುದ್ದಾಡಿ ಹೋಗುತ್ತಾರೆ. ಖರ್ಚು ಮನೆಯವರದು. ಕೊಕ್ಕರೆ ಬೆಳ್ಳೂರಿನಲ್ಲಿ ಆಗುತ್ತಿರುವುದೂ ಇದೇ. ಅದಕ್ಕೇ ಈ ಪತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನ ಊರು. ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯ ರುದ್ರಾಕ್ಷಿಪುರದಲ್ಲಿ ತಿರುಗಿದರೆ ಸುಮಾರು 12 ಕಿಲೋಮೀಟರ್. ಹತ್ತಿರದಲ್ಲೇ ಶಿಂಷಾ ನದಿ. ಹಿಂದೆ ಊರು ನದಿಯ ದಡದಲ್ಲೇ ಇತ್ತಂತೆ. ಪ್ಲೇಗು ಬಂದಾಗ ಜನ ಊರು ಬಿಟ್ಟು ಈಗಿರುವ ಜಾಗಕ್ಕೆ ಬಂದರು, ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. 1990ರ ದಶಕದಲ್ಲಿ ಮೈಸೂರು ಅಮೆಚ್ಯೂರ್ ನ್ಯಾಚುರಲಿಸ್ಟ್ಸ್ ಅನ್ನುವ ತಂಡದವರು ಊರಿನ ಹುಡುಗರ ಜೊತೆ ಸೇರಿ ದುಡಿದರು, ಹಕ್ಕಿ ಕಾಯುವ ಊರಿನ ಹುಡುಗರ ಗುಂಪು ಹೆಜ್ಜಾರ್ಲೆ ಬಳಗ ಹುಟ್ಟಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು.

ಇಲ್ಲೊಂದು ವ್ಯತ್ಯಾಸ ಇದೆ, ತುಂಬ ಜನ ಗಮನಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲೇ ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಇದೆ. ಪಕ್ಷಿತಜ್ಞ ಸಲೀಂ ಅಲಿ ಅವರು ಮೈಸೂರು ಮಹಾರಾಜರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಆದದ್ದು, 2022ರಲ್ಲಿ ರಾಮ್ಸಾರ್ ಅನ್ನುವ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದ್ದು. ಅಲ್ಲಿ ನಡುಗಡ್ಡೆ ಸರ್ಕಾರದ್ದು, ಗೇಟಿದೆ, ದೋಣಿಗೆ ಟಿಕೆಟ್ ಇದೆ. ಬೆಳ್ಳೂರಿನಲ್ಲಿ ಹಕ್ಕಿ ಕೂರುವುದು ಯಾರದೋ ಹಿತ್ತಲಿನ ಹುಣಸೆಮರದ ಮೇಲೆ. ಕೆಳಗೆ ಎಮ್ಮೆ ಕಟ್ಟಿರುತ್ತದೆ, ಬಟ್ಟೆ ಒಣಹಾಕಿರುತ್ತದೆ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಮಾಡಿ ಸಮುದಾಯ ಮೀಸಲು ಅನ್ನುವುದನ್ನು ತಂದಿದ್ದೇ ಇಂಥ ಜಾಗಗಳಿಗೆ. ಜಮೀನು ಜನರದು, ಮರ ಜನರದು, ಕಾಯುವ ಕೆಲಸವೂ ಜನರದು. ಸರಿ. ಖರ್ಚು?

ಹುಣಸೆಮರದ ಲೆಕ್ಕ ಹೇಳುತ್ತೇನೆ ಕೇಳಿ. ಹೆಜ್ಜಾರ್ಲೆ ಅಕ್ಟೋಬರ್, ನವೆಂಬರ್ ಹೊತ್ತಿಗೆ ಬರುತ್ತವೆ. ಬಣ್ಣದ ಕೊಕ್ಕರೆ ಸ್ವಲ್ಪ ತಡವಾಗಿ. ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ಮಾಡಿ, ಮರಿ ಹಾರುವುದಕ್ಕೆ ಬೇಸಿಗೆ ಮುಗಿಯುತ್ತದೆ. ಹುಣಸೆಹಣ್ಣು ಬಡಿಯುವ ಕಾಲ ಯಾವುದು? ಸಂಕ್ರಾಂತಿ ಕಳೆದ ಮೇಲೆ, ಯುಗಾದಿಯ ಆಸುಪಾಸು. ಸರಿಯಾಗಿ ಗೂಡಿನಲ್ಲಿ ಮರಿ ಇರುವಾಗ. ಕೋಲೆತ್ತಿ ಬಡಿಯುವ ಹಾಗಿಲ್ಲ, ಕೊಂಬೆ ಅಲ್ಲಾಡಿಸುವ ಹಾಗಿಲ್ಲ. ಹಣ್ಣು ಮರದಲ್ಲೇ ಉಳಿಯುತ್ತದೆ, ಇಲ್ಲವೇ ಹಿಕ್ಕೆ ಬಿದ್ದು ಹಾಳಾಗುತ್ತದೆ. ಎಲೆಗಳು ಸುಣ್ಣ ಬಳಿದ ಹಾಗೆ ಬಿಳಿಯಾಗುತ್ತವೆ. ಮೇಲಿಂದ ಬಿದ್ದ ಮೀನು ಕೊಳೆತು ನಾತ. ನೀವು ಅರ್ಧ ಗಂಟೆ ಮೂಗಿಗೆ ಕರ್ಚೀಫ್ ಹಿಡಿದು ನಿಲ್ಲುತ್ತೀರಿ. ಅವರು ಅಲ್ಲೇ ಊಟ ಮಾಡುತ್ತಾರೆ, ಅಲ್ಲೇ ಮಲಗುತ್ತಾರೆ.

ಲಾಭವೇ ಇಲ್ಲ ಅಂತಲ್ಲ. ಮರದ ಕೆಳಗೆ ಕೆರೆ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹರಡಿರುತ್ತಾರೆ. ಹಿಕ್ಕೆ ಅದರ ಮೇಲೆ ಬಿದ್ದು ಒಳ್ಳೇ ಗೊಬ್ಬರ ಆಗುತ್ತದೆ, ಗದ್ದೆಗೆ ಹಾಕುತ್ತಾರೆ. ಸರ್ಕಾರದಿಂದ ಗೂಡಿರುವ ಮರಕ್ಕೆ ಇಷ್ಟು ಅಂತ ಪರಿಹಾರ ಕೊಡುವ ಏರ್ಪಾಡೂ ಇದೆ. ಆದರೆ ಮರ ಸೌದೆಗೆ ಕೇಳುವವನು ನಾಳೆ ಬೆಳಿಗ್ಗೆಯೇ ನೋಟು ಎಣಿಸುತ್ತಾನೆ. ಪೋಟಿ ಇರುವುದು ಅವನ ಜೊತೆ.

ಹೋದ ವರ್ಷ ಒಬ್ಬ ಅಜ್ಜಿಯ ಹತ್ತಿರ ಕೂತಿದ್ದೆ. ಎರಡು ಹುಣಸೆಮರದ ಯಜಮಾನಿ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ತಮ್ಮ ಮರದ್ದಲ್ಲ, ಸಂತೆಯಲ್ಲಿ ಕೊಂಡು ತಂದದ್ದು! ಎರಡು ಮರ ಇಟ್ಟುಕೊಂಡು ಸಾರಿಗೆ ಹುಳಿ ಕೊಂಡು ತರುವುದಾ ಅವ್ವಾ ಅಂದೆ. ಅಜ್ಜಿ ನಕ್ಕರು. "ಏನ್ ಮಾಡದು ಮಗ, ಅಣ್ಣು ಬಡಿಯೋ ಒತ್ಗೇ ಅಕ್ಕಿ ಮರಿ ಮಾಡ್ತವೆ. ಬಂದವ್ಕೆ ಓಗಿ ಅನ್ನಕಾಯ್ತದಾ? ಮರ ಕೊಟ್ಬುಡು ಅಂತ ಎಷ್ಟೋ ಜನ ಬಂದ್ರು. ನಾ ಇರೋಗಂಟ ಇಲ್ಲ ಅಂದಿವ್ನಿ." ನಾನಿರೋ ತನಕ ಅಂದರು ನೋಡಿ, ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಪಕ್ಕದಲ್ಲಿ ಅವರ ಮೊಮ್ಮಗ ಮೊಬೈಲು ನೋಡುತ್ತ ಕೂತಿದ್ದ. ಅವನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಮರ ಅಂದರೆ ಸೈಟಿನ ಮಧ್ಯೆ ಇರುವ ಅಡ್ಡಿ.

ಅಂದ ಹಾಗೆ, ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಕ್ಕಿಯೂ ಅಕ್ಕಿಯೇ. ಮೈಸೂರಿನ ಹುಡುಗಿಯರು ಮೊದಲ ದಿನ ಅಜ್ಜಿ "ಅಕ್ಕಿ ಕಮ್ಮಿ ಬಂದವೆ ಈ ಸಲ" ಅಂದದ್ದು ಕೇಳಿ ರೇಷನ್ ವಿಷಯ ಅಂದುಕೊಂಡಿದ್ದರು.

ಈಗ ನಮ್ಮ ತಪ್ಪಿನ ಕಥೆ. ಚಂದಾ ಕೇಳುವವನು ಲೆಕ್ಕ ಕೊಡಬೇಕಲ್ವಾ.

ಮೊದಲ ವರ್ಷ ನಮಗೆ ಭಾರೀ ಹುರುಪು. ಮದ್ದೂರಿನಿಂದ ಸೈಕಲ್ ಜಾಥಾ ಮಾಡೋಣ ಅಂದುಕೊಂಡೆವು. ಬ್ಯಾನರ್ ಹಾಕಿಸಿದೆವು, ಹಕ್ಕಿ ಚಿತ್ರದ ಟೀ ಶರ್ಟ್ ಹೊಲಿಸಿದೆವು, ಶಾಮಿಯಾನ, ಮೈಕ್ ಸೆಟ್, ಮುಖ್ಯ ಅತಿಥಿಗೆ ಹಾರ ಮತ್ತು ಶಾಲು, ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತು. ಎತ್ತಿದ ಚಂದಾ 31 ಸಾವಿರ. ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಲೆಕ್ಕ ಹಾಕಿದರು. ಉಳಿದದ್ದು 4 ಸಾವಿರ ಚಿಲ್ಲರೆ. ಅತಿಥಿಗಳು ಭಾಷಣದಲ್ಲಿ ಹೆಜ್ಜಾರ್ಲೆಗೆ ಮೂರು ಸಲ ನವಿಲು ಅಂದರು, ಅದು ಬೇರೆ ಮಾತು. ಅಜ್ಜಿಗೆ ಒಂದು ಟೀ ಶರ್ಟ್ ಕೊಟ್ಟೆವು. ತಿರುಗಿಸಿ ಮುರುಗಿಸಿ ನೋಡಿದರು. "ಚೆಂದಾಗದೆ ಬಟ್ಟೆ. ಇದನ್ ಯಾವ ಅಕ್ಕಿಗ್ ಆಕೀರಿ ಮಗ?"

ಅವತ್ತು ರಾತ್ರಿ ಅಂಗಡಿ ಮುಚ್ಚಿಕೊಂಡು ಏಳೂ ಜನ ಕೂತೆವು. ಯಾರೂ ಜಾಸ್ತಿ ಮಾತಾಡಲಿಲ್ಲ.

ಅಲ್ಲಿಂದ ಜಾಥಾ ಬಿಟ್ಟೆವು. ಈಗ ನಮ್ಮದು ಚಿಲ್ಲರೆ ವ್ಯವಹಾರ. ತಿಂಗಳಿಗೆ ನೂರು ರೂಪಾಯಿ ಕೊಡುವವರು ಬೇಕು ಅಂತ ಗೊತ್ತಿದ್ದವರನ್ನು ಕೇಳಿದೆವು. ಬೇಕರಿಯಲ್ಲಿ ಒಂದು ಡಬ್ಬಿ ಇಟ್ಟೆವು. ಮೈಸೂರಿನ ಹುಡುಗಿಯರು ತಮ್ಮ ಬೀದಿಯ ಮನೆಗಳಿಂದ ಹಳೇ ಪೇಪರ್ ಎತ್ತಿ ಗುಜರಿಗೆ ಹಾಕುತ್ತಾರೆ. ಪೇಪರಿನಿಂದ ಬರುವ ದುಡ್ಡು ನೀವಂದುಕೊಂಡಷ್ಟು ಕಮ್ಮಿ ಏನಲ್ಲ. ಡಬ್ಬಿಯ ಕಲೆಕ್ಷನ್ ಮಾತ್ರ ಬಿದ್ದುಹೋಗಿದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕಾರುಗಳು ಮದ್ದೂರಿನ ಒಳಗೆ ಬರುವುದೇ ಕಮ್ಮಿ. ವಡೆಗೆ ನಿಲ್ಲದವರು ಡಬ್ಬಿಗೆ ನಿಲ್ಲುತ್ತಾರಾ?

ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ, ಜಾಸ್ತಿ ಪಾಲು ಮೀನಿಗೆ. ಹೇಗೆ ಅಂತ ಹೇಳಬೇಕು.

ಫೆಬ್ರವರಿ, ಮಾರ್ಚಿನಲ್ಲಿ ಗಾಳಿ ಎದ್ದಾಗ, ಗೂಡಿನಲ್ಲಿ ಮರಿಗಳು ಒಂದನ್ನೊಂದು ತಳ್ಳಾಡಿಕೊಂಡಾಗ, ಮರಿ ಕೆಳಗೆ ಬೀಳುತ್ತದೆ. ಕೆಳಗೆ ಬಿದ್ದ ಮರಿಯನ್ನು ತಾಯಿ ಬಂದು ಸಾಕುವುದಿಲ್ಲ. ಮೇಲೆ ಕೂತು ನೋಡುತ್ತದೆ, ಅಷ್ಟೇ. ನಾಯಿ ಬರುವುದರೊಳಗೆ ಯಾರಾದರೂ ಎತ್ತಬೇಕು. ನಾನು ಮೊದಲ ಸಲ ಎತ್ತಿದ್ದು ಇವತ್ತಿಗೂ ನೆನಪಿದೆ. ಕೋಳಿಗಿಂತ ದೊಡ್ಡದು, ಮೈಮೇಲೆ ಹತ್ತಿಯಂಥ ಬಿಳಿ ತುಪ್ಪಳ. ಕೊಕ್ಕಿನ ಕೆಳಗಿನ ಚೀಲ ಒದ್ದೆ ಬಲೂನಿನ ಹಾಗೆ ಮೆತ್ತಗೆ, ಬಿಸಿ. ನನ್ನ ಎದೆಗೆ ಒರಗಿಕೊಂಡು ಅರ್ಧ ಅರಗಿದ ಮೀನನ್ನು ಶರ್ಟಿನ ಮೇಲೆ ಕಕ್ಕಿತು. ಆ ಶರ್ಟಿನ ವಾಸನೆ ನಾಲ್ಕು ಒಗೆತಕ್ಕೂ ಹೋಗಲಿಲ್ಲ. ಪಕ್ಕದಲ್ಲಿದ್ದ ಊರಿನ ಹುಡುಗ ಬಾಟಲಿಯಿಂದ ನೀರು ಕುಡಿಸಲು ಹೋದ ನನ್ನ ಕೈ ಹಿಡಿದು ನಿಲ್ಲಿಸಿದ. ಹಾಗೆ ಬಾಯಿಗೆ ನೀರು ಸುರಿದರೆ ಉಸಿರಿನ ದಾರಿಗೆ ಹೋಗಿ ಮರಿ ಸಾಯುತ್ತದೆ. ಮೀನನ್ನೂ ತಲೆ ಮುಂದಾಗಿಯೇ ಕೊಡಬೇಕು, ಬಾಲ ಮೊದಲು ಹೋದರೆ ರೆಕ್ಕೆಮುಳ್ಳು ಗಂಟಲಿಗೆ ಚುಚ್ಚುತ್ತದೆ. ಇದನ್ನೆಲ್ಲ ಯಾವ ಕೋರ್ಸಿನಲ್ಲಿ ಕಲಿತೆ ಅಂತ ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ.

ಎತ್ತಿದ ಮರಿಯನ್ನು ಮನೆಗೆ ಒಯ್ಯುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡುಹಕ್ಕಿ ಸಾಕುವುದು ತಪ್ಪು, ನಿಮ್ಮ ಮನಸ್ಸು ಎಷ್ಟೇ ಒಳ್ಳೆಯದಿರಲಿ. ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಅವರ ಸಹಾಯವಾಣಿ 1926, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮರಿ ಹಾರುವ ತನಕ ಜಾಲರಿ ಕಟ್ಟಿದ ಆವರಣದಲ್ಲಿಟ್ಟು ಮೀನು ಹಾಕಿ ನೋಡಿಕೊಳ್ಳಬೇಕು. ಅದು ದಿನ ಎರಡು ದಿನದ ಮಾತಲ್ಲ, ವಾರಗಟ್ಟಲೆ. ಬೇಸಿಗೆಯಲ್ಲಿ ಕೆರೆ ಬತ್ತಿ ಮೀನಿನ ರೇಟು ಏರಿರುತ್ತದೆ. ಮರಿಯ ಹಸಿವೂ ಆಗಲೇ ಜಾಸ್ತಿ. ಸಣ್ಣ ಜಿಲೇಬಿ ಮೀನು ಸಿಕ್ಕರೆ ಪುಣ್ಯ. ಬೆಳಿಗ್ಗೆ ಆಟೋದಲ್ಲಿ ಐಸ್ ಹಾಕಿದ ಡಬ್ಬಿ ಇಟ್ಟುಕೊಂಡು ಹೋಗಿ ಕೊಟ್ಟು ಬರುವುದು ನಮ್ಮ ಪಾಲಿನ ಕೆಲಸ. ಆಟೋದವನಿಗೆ ಆ ಒಂದೂವರೆ ತಿಂಗಳು ಹೆಂಗಸರು ಹತ್ತುವುದಿಲ್ಲವಂತೆ, ನಾತ ಅಂತ. ಅವನು ಅದನ್ನು ದೂರಿನ ಹಾಗೆ ಹೇಳುವುದಿಲ್ಲ, ಜಂಬದ ಹಾಗೆ ಹೇಳುತ್ತಾನೆ.

ಒಂದು ದೊಡ್ಡ ಕಂಪನಿಯವರು ಕೂಡ ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ಹೆಸರು ಬೇಡ. ದುಡ್ಡಿಗೆ ಕೊರತೆ ಇರಲಿಲ್ಲ. ಮೀನಿಗೆ ಕೊಡಿ ಅಂದೆವು. ಮೀನು ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ ಅಂದರು. ಊರಿನ ಬಾಗಿಲಲ್ಲಿ ರೆಕ್ಕೆ ಆಕಾರದ ಸೆಲ್ಫಿ ಪಾಯಿಂಟ್ ಮಾಡಿಕೊಡುತ್ತೇವೆ, ಕೆಳಗೆ ನಮ್ಮ ಲೋಗೋ ಇರಲಿ ಅಂದರು. ಚಹಾ ಕುಡಿಸಿ ಕಳಿಸಿದೆವು. ಅವರ ಮೇಲೆ ಸಿಟ್ಟಿಲ್ಲ. ನಾವು ಟೀ ಶರ್ಟ್ ಹೊಲಿಸಿದವರೇ ತಾನೇ.

ಆದರೆ ನಮ್ಮ ನೂರು ರೂಪಾಯಿಗಳಿಂದ ಆಗದ ಕೆಲಸಗಳೂ ಇವೆ. ಅಧಿಕಾರಿಗಳೇ, ಇಲ್ಲಿಂದ ಮುಂದಿನದು ನಿಮಗೆ.

2017ರ ಕೊನೆಯಲ್ಲಿ, 2018ರ ಶುರುವಿನಲ್ಲಿ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಮರಿಗಳಲ್ಲ, ಬೆಳೆದ ಹಕ್ಕಿಗಳು. ಹತ್ತಾರು ಸತ್ತವು. ಕೊಯ್ದು ನೋಡಿದಾಗ ಒಳಗೆ ದುಂಡುಹುಳು. ಆ ಹುಳು ಹಕ್ಕಿಗೆ ಬರುವುದು ಮೀನಿನಿಂದ. ಮೀನು ಬರುವುದು ಕೆರೆಯಿಂದ. ಕೆರೆಗೆ ಏನೇನು ಬರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹಕ್ಕಿ ಗೂಡು ಕಟ್ಟುವುದು ಬೆಳ್ಳೂರಿನಲ್ಲಿ, ಊಟಕ್ಕೆ ಹೋಗುವುದು ಶಿಂಷಾ ಹೊಳೆಗೆ, ತೈಲೂರು ಕೆರೆಗೆ, ಸೂಳೆಕೆರೆಗೆ, ಸುತ್ತಲಿನ ಎಷ್ಟೋ ಕೆರೆಗಳಿಗೆ. ನೀವು ಬೋರ್ಡ್ ಹಾಕಿರುವುದು ಮಲಗುವ ಮನೆಗೆ ಮಾತ್ರ. ಅಡುಗೆಮನೆ ಬಯಲಿನಲ್ಲಿದೆ. ಮೀನಿಗೆ ಕೆರೆ ಹರಾಜು ಹಾಕುವಾಗ ಏಪ್ರಿಲ್ ತನಕ ಇಷ್ಟು ನೀರು ಉಳಿಸಲೇಬೇಕು, ಸಣ್ಣ ಮೀನು ಬಳಿದುಕೊಂಡು ಹೋಗುವ ಹಾಗಿಲ್ಲ ಅಂತ ಒಂದು ಸಾಲು ಸೇರಿಸಿ. ಕೆರೆಗೆ ಊರಿನ ಚರಂಡಿ ತಿರುಗಿಸುವುದನ್ನು ನಿಲ್ಲಿಸಿ. ಹಾಗೆ ಮಾಡಿದರೆ ನಾವು ಮೀನು ಹೊರುವ ಕೆಲಸ ಅರ್ಧ ಕಮ್ಮಿ ಆಗುತ್ತದೆ.

ಇನ್ನೊಂದು ಕರೆಂಟಿನ ತಂತಿ. ಹೆಜ್ಜಾರ್ಲೆ ದಪ್ಪ ಹಕ್ಕಿ, ರೆಕ್ಕೆ ಅಗಲ, ತಟ್ಟನೆ ತಿರುಗಲು ಅದರ ಕೈಲಾಗುವುದಿಲ್ಲ. ಎರಡು ತಂತಿಗೆ ರೆಕ್ಕೆ ತಾಗಿದರೆ ಮುಗಿಯಿತು. ಗೂಡಿರುವ ಮರಗಳ ಹತ್ತಿರ, ಕೆರೆಗೆ ಹೋಗುವ ದಾರಿಯಲ್ಲಿ ಮೇಲ್ಹೊದಿಕೆ ಇರುವ ವೈರ್ ಹಾಕಿಸಿ. ಊರಿನ ಜನರಿಗೂ ಮಳೆಗಾಲದಲ್ಲಿ ಅದೇ ಒಳ್ಳೆಯದು.

ಮರದ ಪರಿಹಾರ ಹುಣಸೆಹಣ್ಣು ಬಡಿಯುವ ಕಾಲಕ್ಕೆ ಮುಂಚೆಯೇ ಯಜಮಾನರ ಕೈಸೇರುವಂತೆ ಮಾಡಿ. ಮೊತ್ತವನ್ನು ಆ ವರ್ಷದ ಹುಣಸೆ ರೇಟಿಗೆ ಹೊಂದಿಸಿ. ಸಂತೆಯಲ್ಲಿ ಹಣ್ಣಿನ ಬೆಲೆ ಏರಿದ ವರ್ಷ ಮರ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅಜ್ಜಿಯನ್ನು ಕೇಳಿ. ಮರದ ಯಜಮಾನರ ಹೆಸರನ್ನು ಪಂಚಾಯಿತಿ ಕಚೇರಿಯಲ್ಲಿ ಬರೆದು ಹಾಕಿದರೂ ಅವರಿಗೆ ಖುಷಿ ಆಗುತ್ತದೆ. ದುಡ್ಡು ಖರ್ಚಿಲ್ಲದ ಕೆಲಸ ಅದು.

ಹೊಸ ಸಸಿ ನೆಡುವ ಬಗ್ಗೆಯೂ ಒಂದು ಮಾತು. ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವವರು ಬೇಕಾದಷ್ಟು. ಹುಣಸೆ ಗೂಡು ಹೊರುವಷ್ಟು ಬೆಳೆಯಲು ಒಂದು ತಲೆಮಾರು ಬೇಕು. ಆಲ, ಅರಳಿ ಬೇಗ ಬರುತ್ತವೆ. ಹೊಳೆ ಕಡೆಯ ಸರ್ಕಾರಿ ಜಾಗದಲ್ಲಿ ಅವನ್ನು ಈಗಲೇ ನೆಟ್ಟು, ಮೂರು ಬೇಸಿಗೆ ನೀರು ಹಾಕುವ ಮನುಷ್ಯನಿಗೆ ಸಂಬಳ ಕೊಡಿ. ಸಸಿಗೆ ದುಡ್ಡು ಕೊಡುವವರು ಸಿಗುತ್ತಾರೆ, ನೀರಿಗೆ ಸಿಗುವುದಿಲ್ಲ. ಇದು ನಮ್ಮ ಅನುಭವ.

ಇನ್ನು ನೋಡಲು ಬರುವವರಿಗೆ. ಬನ್ನಿ, ಖಂಡಿತ ಬನ್ನಿ. ಡ್ರೋನ್ ತರಬೇಡಿ. ಹಕ್ಕಿ ಹಾರುವ ಫೋಟೋ ಬೇಕು ಅಂತ ಚಪ್ಪಾಳೆ ತಟ್ಟಬೇಡಿ, ತಾಯಿ ಎದ್ದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ, ಕಾಗೆ ಕಾಯುತ್ತಿರುತ್ತದೆ. ಯಾರದೋ ಹಿತ್ತಲಿಗೆ ನುಗ್ಗುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ. ಬಾಣಂತಿ ನೋಡಲು ಹೋಗುವಾಗ ಯಾರೂ ಬರಿಗೈಲಿ ಹೋಗುವುದಿಲ್ಲ ಅಲ್ವಾ? ಊರಿನ ಅಂಗಡಿಯಲ್ಲಿ ಎಳನೀರು ಕುಡಿಯಿರಿ, ಸಿಕ್ಕಿದರೆ ಮನೆಯವರಿಂದಲೇ ರಾಗಿಯನ್ನೋ ಬೆಲ್ಲವನ್ನೋ ಕೊಂಡುಕೊಳ್ಳಿ. ಒಂದು ಪ್ಲೇಟ್ ಮದ್ದೂರು ವಡೆಗೆ ಕೊಡುವಷ್ಟನ್ನು ತಿಂಗಳಿಗೊಂದು ಸಲ ಹಕ್ಕಿಗೆ ಕೊಟ್ಟರೆ ಅದೇ ನಮ್ಮ ಮಡಿಲಕ್ಕಿ. ನಮಗೇ ಕೊಡಬೇಕು ಅಂತಿಲ್ಲ. ಆದರೆ ಯಾರಿಗೆ ಕೊಟ್ಟರೂ ಬಿಲ್ಲು ಕೇಳಿ. ಒಬ್ಬರ ಸ್ವಂತ ಖಾತೆಗೆ ದುಡ್ಡು ಹಾಕಿಸಿಕೊಳ್ಳುವ ಗುಂಪು ಇದ್ದರೆ ಎರಡು ಸಲ ಯೋಚಿಸಿ. ನಾವೂ ಮೊದಲು ಹಾಗೇ ಮಾಡಿದ್ದೆವು, ನನ್ನ ಅಂಗಡಿಯ ದುಡ್ಡು ಯಾವುದು, ಹಕ್ಕಿಯ ದುಡ್ಡು ಯಾವುದು ಅಂತ ಬಿಡಿಸಲು ಮೇಷ್ಟ್ರಿಗೆ ಎರಡು ಭಾನುವಾರ ಹಿಡಿಯಿತು. ಈಗ ಮೂವರ ಸಹಿ ಇರುವ ಖಾತೆ ಮಾಡಿದ್ದೇವೆ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಮಾಡಿಸಲು ಅರ್ಜಿ ಬರೆಯುತ್ತಿದ್ದೇವೆ. ಹಾಗಾಗಿ ಕೊನೆಗೂ ಒಂದು ಹೆಸರು ಇಡಲೇಬೇಕಾಗಿ ಬಂದಿದೆ. ಏಳು ಜನಕ್ಕೆ ಏಳು ಹೆಸರು ಹೊಳೆದಿದೆ, ಜಗಳ ನಡೆಯುತ್ತಿದೆ.

ಲೆಕ್ಕವನ್ನು ಪ್ರತಿ ತಿಂಗಳು 5ನೇ ತಾರೀಕು ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ. ಬಸ್ಸಿಗೆ ಕಾಯುವವರು ಓದುತ್ತ ನಿಲ್ಲುತ್ತಾರೆ, ಕೆಲವರು ತಪ್ಪು ಹುಡುಕುತ್ತಾರೆ, ಹುಡುಕಲಿ. ಈ ತಿಂಗಳ ಮೀನಿನ ಚೀಟಿಯಲ್ಲಿ ಒಂದು ಕಡೆ ಐಸಿನ ನೀರು ಬಿದ್ದು ಅಂಕಿ ಅಳಿಸಿಹೋಗಿದೆ. ಅದು 240 ರೂಪಾಯಿ.

ಇಂತಿ,
ಮದ್ದೂರಿನ ಜೆರಾಕ್ಸ್ ಅಂಗಡಿಯವನು, ಏಳು ಜನರ ಪರವಾಗಿ